ಹಗಲು ಮಲಗದ ನಮ್ಮ ಮನೆಯವರು

ನಮ್ಮ ಮನೆಯವರು ಹಗಲು ನಿದ್ದೆ ಮಾಡುವುದಿಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು. ಅದನ್ನು ಹೇಳುವುದೂ ಗೊರಕೆ ನಿಂತ ಮರುಗಳಿಗೆಯಲ್ಲಿ, ಬಾಯಿ ಒರೆಸಿಕೊಳ್ಳುತ್ತ!

"ನಿದ್ದಿ ಅಲ್ಲ ಅದು. ಕಣ್ಣು ಮುಚ್ಚಿ ಕುಂತಿದ್ನಿ."

"ಮತ್ತ ಗೊರಕಿ?"

"ಉಸರಾಡೂದೂ ಬ್ಯಾಡೇನ್ರಿ ಅಕ್ಕೋರ?"

ನಾನು ಶಹಾಪುರದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಪಾಠ ಹೇಳುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಸಿಟ್ಟು ಬಂದಾಗ, ಮಾತಿನಲ್ಲಿ ಸೋತಾಗ, ಚಹಾ ಬೇಕಾದಾಗ ನಾನು ಇವರಿಗೂ ಅಕ್ಕೋರು. ನಾನಂತೂ ಗಂಡನ ಹೆಸರು ಹೇಳಿದವಳಲ್ಲ, ಇಲ್ಲಿಯೂ ಹೇಳುವುದಿಲ್ಲ. ಹೇಳಿದರೆ ಅವರ ಮರ್ಯಾದೆಯೂ ಉಳಿಯುವುದಿಲ್ಲ.

ಅವರು ನಾರಾಯಣಪುರದ ಡ್ಯಾಮಿನಲ್ಲಿ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮಳೆಗಾಲದಲ್ಲಿ ತಾಸಿಗೊಮ್ಮೆ ನೀರಿನ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಪಾಳಿಯಲ್ಲಿ ಒಮ್ಮೆಯೂ ಕಣ್ಣು ಮುಚ್ಚಿಲ್ಲ ಎನ್ನುವುದು ಅವರ ಜೀವಮಾನದ ಹೆಮ್ಮೆ. ಅಂಥವರಿಗೆ ಪಾರ್ಕಿನ್ಸನ್ ಬಂತು. ಮೊದಲು ಬಲಗೈ ನಡುಗಿತು, ಆಮೇಲೆ ಹೆಜ್ಜೆ ಸಣ್ಣದಾಯಿತು, ಅದರ ಬೆನ್ನಿಗೇ ಈ ನಿದ್ದೆ, ಈ ದಣಿವು. ಅಂಗಿಯ ಗುಂಡಿ ಹಾಕಿಕೊಂಡರೆ ಸಾಕು, ಹೊಲ ಹೊಡೆದು ಬಂದವರ ಹಾಗೆ ಕುಳಿತುಬಿಡುತ್ತಾರೆ. ನಡುಕವನ್ನು ಒಪ್ಪಿಕೊಂಡರು. ನಿದ್ದೆಯನ್ನು ಮಾತ್ರ ಇವತ್ತಿಗೂ ಒಪ್ಪಿಲ್ಲ.

ಯಾದಗಿರಿಯ ಡಾಕ್ಟರು ಮೊದಲ ಸಲವೇ ಕೇಳಿದರು, "ಹಗಲಿ ನಿದ್ದಿ ಬರ್ತದೇನ್ರಿ ಕಾಕಾ?"

"ಒಟ್ಟ ಬರಂಗಿಲ್ರಿ."

ಡಾಕ್ಟರು ನನ್ನ ಕಡೆ ತಿರುಗಿ ಊಟ, ಗುಳಿಗೆ ವಿಚಾರಿಸಿದರು. ನಾನು ಹೇಳಿ ಮುಗಿಸುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಗೊರಕೆ! ಡಾಕ್ಟರು ಪೆನ್ನು ಕೆಳಗಿಟ್ಟರು. "ಇದು ರೋಗದ್ದೂ ಹೌದು, ಗುಳಿಗಿದೂ ಹೌದ್ರಿ. ಹಂಗಂತ ನೀವ ಗುಳಿಗಿ ಬಿಡಸಬ್ಯಾಡ್ರಿ. ಮುಂಜಾನಿ ಬಿಸಲಾಗ ಅಡ್ಡಾಡಸ್ರಿ. ಊಟ ಆದಮ್ಯಾಲ ಅರ್ಧ ತಾಸು ಮಂಚದ ಮ್ಯಾಲ ಮಲಗಸ್ರಿ, ಜಾಸ್ತಿ ಬ್ಯಾಡ. ಹಿಂಗ ಕುರ್ಚಿಮ್ಯಾಲ ತೂಕಡಿಸಿ ಮುಂದಕ್ಕ ಬಿದ್ದು ಟೊಂಕ ಮುರಕೊಂಡ್ರ, ಮತ್ತ ಎದ್ದು ಅಡ್ಡಾಡೂದು ಕಷ್ಟ ಆಗ್ತದ."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅವರ ಕಿವಿಗೆ ಬೀಳಲಿಲ್ಲ, ಅವರು ಎಚ್ಚರವಿದ್ದರಲ್ಲ!

ಮನೆಗೆ ಬಂದ ಮೇಲೆ ಎಲ್ಲ ಹೇಳಿದೆ. ಉಳಿದದ್ದೆಲ್ಲ ಕೇಳಿದರು. ಗುಳಿಗೆ ಹೊತ್ತಿಗೆ ಸರಿಯಾಗಿ, ಬೆಳಿಗ್ಗೆ ನಡಿಗೆ, ಸ್ಕೂಟರಿನ ಕೀಲಿಯನ್ನು ಸಹ ತಾವಾಗಿಯೇ ನನ್ನ ಕೈಗಿಟ್ಟರು. ಆದರೆ ಮಂಚ? ಮಧ್ಯಾಹ್ನ ಅದರ ಹೆಸರೆತ್ತಿದರೆ ಮುಗಿಯಿತು.

"ಹಗಲಿ ಹಾಸಿಗಿ ಹಿಡಿಯಾಕ ನಾ ಏನು ಬಾಣಂತಿ ಏನು?"

ಹೀಗೆ ಮಂಚ ಬಿಟ್ಟು ಉಳಿದ ಎಲ್ಲ ಕಡೆ ಅವರ ನಿದ್ದೆ ನಡೆಯಿತು. ಸುರಪುರದಲ್ಲಿರುವ ನನ್ನ ತಮ್ಮ ತನ್ನ ಮಗನಿಗೆ ಸಗರದ ಹೆಣ್ಣು ನೋಡಿದ. ಮಾತುಕತೆಗೆ ಹಿರಿಯರೆಂದು ಇವರನ್ನೇ ಮುಂದೆ ಕೂರಿಸಿದೆವು. ಮದುವೆ ಸುರಪುರದಲ್ಲಿ, ದೀಪಾವಳಿ ಕಳೆದ ಮೇಲೆ ಎಂದು ನಾವೆಲ್ಲ ಗಟ್ಟಿಮಾಡಿಕೊಂಡೇ ಹೋಗಿದ್ದೆವು. ಹೆಣ್ಣಿನ ತಂದೆ, "ಬ್ಯಾಸಗಿಯಾಗ ನಮ್ಮೂರಾಗ ಮಾಡೂಣು. ಮನಿಮುಂದ ಹಂದರ ಹಾಕ್ತೀವಿ. ಏನಂತೀರಿ ಹಿರ್ಯಾರು?" ಎಂದರು. ಎಲ್ಲರೂ ಇವರ ಮುಖ ನೋಡಿದರು. ಇವರ ತಲೆ ನಿಧಾನಕ್ಕೆ ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಕೆಳಗೆ ಹೋಯಿತು.

"ಹಿರ್ಯಾರು ಒಪ್ಪಿದ್ರು, ಸಕ್ಕರಿ ತರ್ರಿ!"

ಇವರಿಗೆ ಎಚ್ಚರವಾದಾಗ ಬಾಯಿತುಂಬ ಸಕ್ಕರೆ ಇತ್ತು. ಏನೂ ಆಗದವರಂತೆ ಅಗಿದರು. ನನ್ನ ತಮ್ಮನ ಮುಖ ನೋಡುವ ಹಾಗಿರಲಿಲ್ಲ. ಬರುವಾಗ ಆಟೋದಲ್ಲಿ ನಾನು ಬಾಯಿ ಬಿಡುವ ಮೊದಲೇ, "ವಿಚಾರ ಮಾಡೇ ಗೋಣು ಹಾಕೀನಿ" ಎಂದರು. ಆ ಬೇಸಿಗೆಯಲ್ಲಿ ಸಗರದ ಹಂದರದ ಕೆಳಗೆ ಬೆಂದ ನೆಂಟರೆಲ್ಲ ಯಾರನ್ನು ಬೈದಿರಬೇಕು, ನೀವೇ ಹೇಳಿ.

ಯಾವಾಗ ನಿದ್ದೆ ಬರುತ್ತದೆ ಎಂದು ಬರೆದಿಡಲು ಡಾಕ್ಟರು ಹೇಳಿದ್ದರು. ನಾನು ನೋಟುಬುಕ್ಕಿಗೆ ಗೆರೆ ಹೊಡೆದುಕೊಟ್ಟೆ. ರಿಜಿಸ್ಟರ್ ಬರೆದ ಕೈ, ಬಲು ಹುರುಪಿನಿಂದ ಶುರುಮಾಡಿದರು. ಆದರೆ ಈ ರೋಗದಲ್ಲಿ ಅಕ್ಷರವೂ ಸಣ್ಣದಾಗುತ್ತ ಹೋಗುತ್ತದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಇರುವೆ ಸಾಲು. ಅಲ್ಲೊಂದು ಇಲ್ಲೊಂದು "ಎಚ್ಚರ" ಎಂಬುದಷ್ಟೇ ನನ್ನ ಕಣ್ಣಿಗೆ ಬಿತ್ತು. ಹಾಳೆ ತುಂಬ ಎಚ್ಚರ! ಒಂದು ಕಡೆಯಂತೂ ಎಚ್ಚರ ಎಂದು ಬರೆಯುತ್ತಲೇ ತೂಕಡಿಸಿ, ಪೆನ್ನಿನ ಗೆರೆ ಹಾಳೆಯ ಅಂಚಿನವರೆಗೆ ಜಾರಿತ್ತು. ಸುಳ್ಳಿಗೂ ಒಂದು ಮಿತಿ ಬೇಡವೇ? ನಾನು ಸಿಟ್ಟಿನಿಂದ ಮುಂದೆ ಓದಲೇ ಇಲ್ಲ.

ದಿನಾ ಮಧ್ಯಾಹ್ನ ಇದೇ ರಾಮಾಯಣ. ನಾನು ಮಂಚಕ್ಕೆ ಒಗೆದ ಚಾದರ ಹಾಸುವುದು, ಅವರು ಕೈಯಿರುವ ಕಟ್ಟಿಗೆ ಕುರ್ಚಿ ಬಿಟ್ಟೇಳದಿರುವುದು. ರಾತ್ರಿ ಅವರಿಗೆ ಮಗ್ಗುಲು ಬದಲಿಸಲು ಎರಡು ಮೂರು ಸಲ ಏಳುವವಳು ನಾನು. ರೊಟ್ಟಿ ಬಡಿದು, ಉಣಿಸಿ, ಜಗಳವಾಡಿ ಸಾಕಾಗಿ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದೆ. ಎದ್ದು ನೋಡಿದರೆ ಅವರು ಕುರ್ಚಿಯಲ್ಲೇ, ಗದ್ದ ಎದೆಗೆ ಹಚ್ಚಿಕೊಂಡು.

ಹೋದ ತಿಂಗಳು ಅದು ಆಗಿಯೇ ಹೋಯಿತು. ಧಡ್ ಎಂಬ ಸದ್ದಿಗೆ ಎದ್ದು ಓಡಿದೆ. ಕುರ್ಚಿಯ ಮುಂದೆ ಮಗುಚಿ ಬಿದ್ದಿದ್ದರು. ಟೊಂಕಕ್ಕೆ ಏನೂ ಆಗಿರಲಿಲ್ಲ, ಹಣೆ ಮಾತ್ರ ಊದಿತ್ತು. ಎತ್ತಿ ಕೂರಿಸಿ, ಅರಿಶಿನ ಹಚ್ಚುತ್ತ, ಅಳುತ್ತ ಬೈದೆ.

"ಮಂಚ ಏನು ಕಚ್ಚತದೇನ್ರಿ ನಿಮಗ?"

ಅವರು ನೋಟುಬುಕ್ಕಿನ ಕಡೆ ಕೈ ತೋರಿಸಿ, "ಬಿದ್ದದ್ದು ಬರದಿಡು. ಡಾಕ್ಟರು ಕೇಳ್ತಾರ" ಎಂದರು.

ಬರೆಯಲೆಂದು ನೋಟುಬುಕ್ಕು ತೆರೆದೆ. ಬಾಗಿಲ ಬೆಳಕಿಗೆ ಹಿಡಿದು, ಅವತ್ತು ಮೊದಲ ಸಲ ಆ ಇರುವೆ ಸಾಲನ್ನು ಪೂರ್ತಿ ಓದಿದೆ. "ಎರಡು ಗಂಟೆ. ಆಕಿ ಮಲಗ್ಯಾಳ. ನಾ ಎಚ್ಚರ." ಮರುದಿನವೂ ಅದೇ. ಅದರ ಮರುದಿನವೂ. ಒಂದು ಹಾಳೆಯ ಕೆಳಗೆ ಡಾಕ್ಟರಿಗೆಂದು ಬರೆದಿದ್ದರು: "ಮಂಚದ ಮ್ಯಾಲ ಮಲಗಿದ್ರ ಏಳಾಕ ಆಕಿನ್ನ ಎಬ್ಬಸಬೇಕಾಗ್ತದ. ಕುರ್ಚಿಯಿಂದ ನಾ ಒಬ್ಬನ ಏಳ್ತೀನಿ. ಆಕಿಗಿ ನಿದ್ದಿ ಮಾಡಾಕ ಇದೊಂದ ಹೊತ್ತು."

ನನಗೆ ನಾಚಿಕೆಯಾಯಿತು. ಎಷ್ಟು ಬೈದಿದ್ದೆನಲ್ಲ!

"ಮೊದಲ ಹೇಳಾಕ ಏನಾಗಿತ್ರಿ?"

"ಹೇಳಿದ್ರ ನೀ ಮಲಗ್ತಿದ್ದೇನು?"

ಮರುದಿನ ನನ್ನ ಹಳೆಯ ಇಳಕಲ್ ಸೀರೆಯನ್ನು ಜಡೆಯ ಹಾಗೆ ಹೆಣೆದು ಮಂಚದ ಕಾಲ್ದೆಸೆಗೆ ಬಿಗಿಯಾಗಿ ಕಟ್ಟಿದೆ. ಮಲಗಿದವರು ಅದನ್ನು ಹಿಡಿದು ಜಗ್ಗಿಕೊಂಡು ಏಳಬೇಕು. ನಾಲ್ಕು ಸಲ ಜಗ್ಗಿ ಸೋತರು. ಐದನೆಯ ಸಲ ಒಬ್ಬರೇ ಎದ್ದು ಕುಳಿತು, ಡ್ಯಾಮಿನ ಗೇಟು ಎತ್ತಿದವರಂತೆ ನನ್ನನ್ನು ನೋಡಿದರು.

"ನಿದ್ದಿ ಮಾಡಂಗಿಲ್ಲ ಮತ್ತ. ಬರೇ ಅಡ್ಡಾಗ್ತೀನಿ," ಎಂದು ಮಲಗಿದರು. ಮಾತು ಮುಗಿಯುವ ಮೊದಲೇ ಗೊರಕೆ ಶುರುವಾಯಿತು.

ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡೆ. ನಿದ್ದೆ ಬರಲಿಲ್ಲ. ಎದ್ದು ನೋಟುಬುಕ್ಕು ತೆಗೆದುಕೊಂಡು, ಅವರ ಸಣ್ಣ ಅಕ್ಷರಗಳ ಕೆಳಗೆ, ಕರಿಹಲಗೆಯ ಮೇಲೆ ಬರೆಯುವಷ್ಟು ದೊಡ್ಡದಾಗಿ ಬರೆದೆ: "ಎರಡು ಗಂಟೆ. ಅವರು ಮಲಗಿದ್ದಾರೆ. ನಾನು ಎಚ್ಚರ."