ಹಸಿರು ತೋರಿಸಿ ಬಿಳಿ ಕಳಿಸಿದ ಸೀರೆಪಟ್ಟಿಗೆ

ನಮ್ಮ ಅಂಗಡಿಯ ಆ್ಯಪಿನಲ್ಲಿ ಬೆರಳು ತಾಗಿದರೆ ಸಾಕು, ಮೇಲೆ ಕೆಳಗೆ ಓಡಾಡುವ ಮಾನ್ಯ ಸೀರೆಪಟ್ಟಿಯವರೇ,

ಬನಹಟ್ಟಿಯ ಸೀರೆ ವ್ಯಾಪಾರಿ ಅಣ್ಣಾಸಾಹೇಬನು ಗಾದಿಯಿಂದ ಅರ್ಧ ಎದ್ದು ಮಾಡುವ ನಮಸ್ಕಾರಗಳು. ಪೂರ್ತಿ ಎದ್ದರೆ ಗಿರಾಕಿಗಳು ಅಂಗಡಿ ಮುಚ್ಚಿತೆಂದು ತಿಳಿಯುತ್ತಾರೆ.

ತಾವು ಹೊಸದಾಗಿ ಬಂದಾಗ ತಮ್ಮ ನೆನಪಿನ ಶಕ್ತಿಗೆ ನಾವು ಬೆರಗಾಗಿದ್ದೆವು. ಗಿರಾಕಿ ನೋಡಿ ಬಿಟ್ಟ ಸೀರೆಯ ಫೋಟೊವನ್ನೂ ಎದೆಗವಚಿಕೊಂಡು ಕೂಡುತ್ತಿದ್ದಿರಿ; ಮೊಬೈಲು ರೊಟ್ಟಿ ಹಂಚಿನಂತೆ ಕಾದು, ಆ್ಯಪ್ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ತಮ್ಮನ್ನು ರೂಪಿಸಿದ ರಾಜಶ್ರೀಯನ್ನು ಕರೆದು ನಮ್ಮ ಗಾದಿ ತೋರಿಸಿದೆ: ನಾನೊಂದು ಸೀರೆ ಹಾಸಿದಂತೆ ಅಂಗಡಿಯ ಆಳು ಭೀಮಶಿ ಹಿಂದಿನದನ್ನು ಮಡಚಿ ಕಪಾಟಿಗೆ ಸೇರಿಸುತ್ತಾನೆ, ಅದಕ್ಕೇ ಇಷ್ಟಗಲದ ಗಾದಿಯ ಮೇಲೆ ಇಡೀ ಅಂಗಡಿ ಹಿಡಿಸುತ್ತದೆ. ಆಕೆ ತಮಗೂ ಅದೇ ಪಾಠ ಹೇಳಿದಳು. ಪರದೆಯ ಮೇಲಿನಿಂದ ಜಾರಿಹೋದ ಚೌಕವನ್ನೇ ಕೆಳಗಿನಿಂದ ತಂದು ಹೊಸ ಸೀರೆಗೆ ಕೊಡಲು ಕಲಿತಿರಿ. ಆಹಾ, ಏನು ಉಳಿತಾಯ, ಏನು ಓಟ!

ಆದರೆ ಹಾಸುವ ಉಮೇದಿನಲ್ಲಿ ಮಡಚುವುದನ್ನು ಮರೆತಿರಿ. ಮುಧೋಳದ ಸಾವಿತ್ರೆವ್ವ ಮಗಳ ಸೀಮಂತದ ಕುಬಸಕ್ಕೆಂದು ಹಸಿರು ಸೀರೆ ಕಂಡ ಚೌಕ ಒತ್ತಿದರು. ಫೋಟೊ ಹಿಂದಿನ ಸೀರೆಯದು, ಅದರಡಿಯ ನಂಬರು ಹೊಸ ಸೀರೆಯದು. ಭೀಮಶಿ ನಂಬರು ನೋಡಿ ಕಟ್ಟಿ ಕಳಿಸಿದ. ಬೀಗರ ಹೆಂಗಸರೆಲ್ಲ ಕೂತಿರುವಾಗ ಗಂಟು ಬಿಚ್ಚಿದರೆ, ಬಸುರಿಗೆ ಬಿಳಿ ಸೀರೆ!

"ಅಣ್ಣಾಸಾಹೇಬ್ರ, ನಾವು ಕುಬಸ ಮಾಡೂದೈತೊ, ಮಣ್ಣಿಗಿ ಹೋಗೂದೈತೊ?" ಎಂದು ಫೋನಿನಲ್ಲಿ ವಿಚಾರಿಸಿಕೊಂಡರು. "ನಾಡದ್ದ ಕುಬಸದಾಗ ಹಸರ ಸೀರಿ ಇರಲಿಲ್ಲಂದ್ರ ನಿಮ್ಮ ಅಂಗಡಿ ಮೆಟ್ಟಲಾ ಹತ್ತೂದಿಲ್ಲ." ಅವರತ್ತೆಯ ಕಾಲದಿಂದ ಆ ಮನೆಯ ಮದುವೆ ಜವಳಿಯೆಲ್ಲ ನಮ್ಮದೇ.

ರಾಜಶ್ರೀಯ ಸಮಾಧಾನ ಹೀಗಿತ್ತು: "ಕಾಕಾ, ಹೊಸಾ ಫೋಟೊ ಬರೂಕಿಂತ ಮೊದಲ ಹಳೇದನ್ನ ಒರಸೂದ ಮರತೇನ್ರಿ."

ಆದುದರಿಂದ ತಾವೇ ಖುದ್ದಾಗಿ ಕುಬಸಕ್ಕೆ ಹೋಗಿ, ಆರತಿಯ ಹಾಡಿಗೆ ದನಿಗೂಡಿಸಿ, ಬಿಳಿಯನ್ನು ಹಸಿರು ಮಾಡಿ, ಸಾವಿತ್ರೆವ್ವನವರ ಸಿಟ್ಟನ್ನೂ ಪರದೆಯಾಚೆ ಜಾರಿಸಿಬಿಡಬೇಕೆಂದು ವಿನಂತಿ.

ಇಂದಿನ ಮಟ್ಟಿಗೆ
ತಮ್ಮ ವಿಶ್ವಾಸಿ,
ಅಣ್ಣಾಸಾಹೇಬ

ತಾ.ಕ.: ಪಟ್ಟಿಯ ತುದಿಯಲ್ಲಿ ಗಿರಾಕಿಗಳಿಗೆ ಕೈಮುಗಿಯುವ ನನ್ನ ಫೋಟೊವನ್ನು ತಾವು ಈಗ ಹಸಿರು ಸೀರೆಯ ಚೌಕಕ್ಕೆ ಇಳಿಸಿದ್ದೀರಿ, ಅಡಿಯಲ್ಲಿ 'ತೊಳೆದರೆ ಬಣ್ಣ ಬಿಡುವುದಿಲ್ಲ, ಕುಚ್ಚು ಉಚಿತ' ಎಂದಿದೆ. ಸಾವಿತ್ರೆವ್ವ ಅದನ್ನೇ ಒತ್ತಿ, "ಈ ಸಲ ಫೋಟೊದಾಗಿದ್ದದ್ದ ಬರಬೇಕ್ರಿ, ನಂಬರಿನ ಸೀರಿ ಹಿಡಕೊಂಡು" ಎಂದು ಬರೆದಿದ್ದಾರೆ. ಹಸಿರು ಸೀರೆಯನ್ನು ಬಗಲಲ್ಲಿಟ್ಟುಕೊಂಡು ಮುಧೋಳದ ಬಸ್ಸು ಹತ್ತುತ್ತಿದ್ದೇನೆ.