ರಜಾಯಿಗೊಂದು ದೃಷ್ಟಿಬೊಟ್ಟು

ಚೌಕವಾದ ಯಾವ ವಸ್ತುವನ್ನು ಕಂಡರೂ ನನಗೆ ಇಂದಿಗೂ ಸ್ವಲ್ಪ ಹೆದರಿಕೆ. ನಾಲ್ಕು ಅಂಚು, ನಾಲ್ಕು ಮೂಲೆ ಸುತ್ತಿ ಹೊರಟಲ್ಲಿಗೇ ವಾಪಸ್ ಬರಬೇಕು. ಹೊರಡುವುದು ನನಗೆ ಬಹಳ ಚೆನ್ನಾಗಿ ಬರುತ್ತದೆ. ವಾಪಸ್ ಬಂದು ಸೇರುವುದೇ ಕಷ್ಟ. ಕೂತರೆ ಏಳಬೇಕು, ಎದ್ದರೆ ಹಾಲು ಉಕ್ಕಿತೇನೋ ನೋಡಬೇಕು, ಹಾಗೇ ಕಿಟಕಿಯಿಂದ ರಸ್ತೆಯನ್ನೂ ನೋಡಬೇಕು. ಇಂಥವಳಿಗೆ ಮಡಿಕೇರಿಯ ಕಾನ್ವೆಂಟಿನಲ್ಲಿ ನೀಡಲ್‌ವರ್ಕಿಗೆ ಫಸ್ಟ್ ಪ್ರೈಜ್ ಬಂದಿತ್ತು ಎಂದರೆ ನೀವು ನಂಬಬೇಕಾಗಿಲ್ಲ. ನಾನೇ ನಂಬಿರಲಿಲ್ಲ.

ಕ್ವಿಲ್ಟಿಗೆ, ಅಂದರೆ ರಜಾಯಿಗೆ, ಬೈಂಡಿಂಗ್ ಎಂಬ ಅಂಚುಪಟ್ಟಿ ಕೂರಿಸುವುದನ್ನು ಸಿಸ್ಟರ್ ನಮಗೆ ಬಲು ಶಿಸ್ತಿನಿಂದ ಕಲಿಸಿದ್ದರು. ಎರಡೂವರೆ ಇಂಚಿನ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಕ್ವಿಲ್ಟಿನ ಮುಂಭಾಗಕ್ಕೆ ಹೊಲಿದು, ಹಿಂದಕ್ಕೆ ತಿರುಗಿಸಿ, ದಾರ ಕಾಣದಂತೆ ಸಣ್ಣ ಹೊಲಿಗೆ ಹಾಕಬೇಕು. ಮೂಲೆ ಬಂದಾಗ ಪಟ್ಟಿಯನ್ನು ಲಕೋಟೆಯ ಬಾಯಿಯ ಹಾಗೆ ಮಡಚಬೇಕು. ಅದಕ್ಕೆ ಮೈಟರ್ಡ್ ಕಾರ್ನರ್ ಎಂದು ಹೆಸರು. ಮೂರು ಮೂಲೆಯವರೆಗೆ ನನ್ನ ಕೆಲಸ ನೋಡಿ ಸಿಸ್ಟರ್ ಕೂಡ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನನ್ನ ಕಾಲುಗಳು ಕುಣಿಯತೊಡಗುತ್ತಿದ್ದವು. "ಪೇಶನ್ಸ್, ಚೈಲ್ಡ್" ಎಂದು ಅವರು ಅತ್ತ ತಿರುಗಿದೊಡನೆ ಪಕ್ಕದ ಫಿಲೋಮಿನಾ ನನ್ನ ಬಟ್ಟೆ ಎಳೆದುಕೊಂಡು ಪಟ್ಟಿಯ ಎರಡು ತುದಿಗಳನ್ನೂ ಸೇರಿಸಿಬಿಡುತ್ತಿದ್ದಳು. ನಾನು ಅವಳ ಇಂಗ್ಲಿಷ್ ಕಾಂಪೊಸಿಷನ್ ಬರೆದುಕೊಡುತ್ತಿದ್ದೆ. ಪ್ರೈಜಾಗಿ ಬಂದ ಥಿಂಬಲ್, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೊಪ್ಪಿ, ಮಾತ್ರ ನನ್ನ ಬೆರಳಿಗೇ ಸೇರಿತು.

ಮದುವೆಯಾಗಿ ಮಾದಾಪುರದ ಹತ್ತಿರದ ಎಸ್ಟೇಟಿಗೆ ಬಂದೆ. ನನ್ನವರು ಅಲ್ಲಿ ರೈಟರ್, ಎಂದರೆ ಲೆಕ್ಕಪತ್ರ ಬರೆಯುವವರು. ಕೊಡಗು ಆಗ ತನ್ನದೇ ಪುಟ್ಟ ಸ್ಟೇಟ್. ಅದಕ್ಕೊಬ್ಬ ಚೀಫ್ ಕಮಿಷನರ್ ಇದ್ದರು, ನಮ್ಮ ಕ್ವಾರ್ಟರ್ಸಿಗೆ ನಮ್ಮ ಅತ್ತೆ ಇದ್ದರು. ಅತ್ತೆ ನನ್ನ ಥಿಂಬಲನ್ನು ಬಂದವರಿಗೆಲ್ಲ ಕುಂಕುಮದ ತಟ್ಟೆಯಲ್ಲಿಟ್ಟು ತೋರಿಸುತ್ತಿದ್ದರು. ಹೆರಿಗೆಗೆ ಬಂದಿದ್ದ ನಾದಿನಿಗೆ ಗಂಡು ಮಗುವಾಯಿತು. ನಾಮಕರಣದ ದಿನ ಮಗುವನ್ನು ಮಲಗಿಸಲು ಸೊಸೆ ಕಾನ್ವೆಂಟ್ ರಜಾಯಿ ಹೊಲಿಯುತ್ತಾಳೆ ಎಂದು ಅವರೇ ಊರಿಗೆಲ್ಲ ಸಾರಿದರು. ತಮ್ಮ ಪೆಟ್ಟಿಗೆಯಲ್ಲಿದ್ದ ಹಳದಿ ಪಾಪ್ಲಿನ್ನನ್ನೂ ಪಟ್ಟಿಗೆಂದು ಕೊಟ್ಟರು. ಆ ಹಳದಿ ಮತ್ತೆ ಸಿಗುವಂಥದ್ದಲ್ಲ.

ನಾಮಕರಣದ ಹಿಂದಿನ ಬೆಳಿಗ್ಗೆ ನಾಲ್ಕನೆಯ ಮೂಲೆಯನ್ನೂ ದಾಟಿದೆ. ಪಟ್ಟಿ ತಾನು ಹೊರಟ ಜಾಗಕ್ಕೆ ಬಂದು ನಿಂತಿತು. ಈಗೇನು? ಫಿಲೋಮಿನಾ ಇಲ್ಲ. ಒಂದು ತುದಿಯನ್ನು ಇನ್ನೊಂದರ ಒಳಗೆ ತುರುಕಿದೆ. ಅಂಚು ಕೋಪ ಬಂದವರ ಮೂಗಿನಂತೆ ಊದಿಕೊಂಡಿತು. ಬಿಚ್ಚಿದೆ, ಎದ್ದೆ, ಹಾಲು ನೋಡಿದೆ, ಕೂತೆ. ಹೆಚ್ಚಾಗಿದ್ದ ತುದಿಯನ್ನು ಕತ್ತರಿಸಿದೆ. ಪಟ್ಟಿ ಮೂರು ಬೆರಳು ಗಿಡ್ಡವಾಯಿತು, ಸಂದಿಯಲ್ಲಿ ಹತ್ತಿ ಇಣುಕಿತು.

"ಏನು ಕಾನ್ವೆಂಟಮ್ಮ, ಕೂತಲ್ಲಿ ಕೂರ್ತಿಲ್ಲ, ನಿಂತಲ್ಲಿ ನಿಲ್ತಿಲ್ಲ. ಇರುವೆ ಕಚ್ತಾ?" ಅತ್ತೆ ಬಾಗಿಲಲ್ಲಿದ್ದರು.

"ಇಲ್ಲ ಅತ್ತೆ, ಫಿನಿಶಿಂಗ್ ಮಾಡ್ತಿದೀನಿ."

"ಮೂರು ದಿನದಿಂದ ಅದನ್ನೇ ಹೇಳ್ತಿದೀಯ. ತಾ ಇಲ್ಲಿ."

ಸಂದಿಯನ್ನು ನೋಡಿದರು. ನನ್ನನ್ನು ನೋಡಿದರು. "ಆ ಪ್ರೈಜು ಯಾವುದಕ್ಕೆ ಕೊಟ್ರು ನಿಂಗೆ?"

"ಮುಕ್ಕಾಲು ಭಾಗಕ್ಕೆ, ಅತ್ತೆ" ಎಂದು ಫಿಲೋಮಿನಾಳ ಕಥೆಯನ್ನೆಲ್ಲ ಹೇಳಿಬಿಟ್ಟೆ.

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ನಾವಾದ್ರೆ ಅಡಿ ಬಟ್ಟೆನೇ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು, ಮೇಲಕ್ಕೆ ಮಡಚಿ ಹೊಲೀತೀವಿ. ಪಟ್ಟಿನೂ ಬೇಡ, ತುದಿ ಸೇರ್ಸೋದೂ ಬೇಡ."

"ಅಂಚು ನೀಟಾಗಿರಲಿ ಅಂತ ಅದನ್ನ ಮೊದಲೇ ಕತ್ತರಿಸಿಬಿಟ್ಟೆ."

"ಹೂಂ. ನೀಟಾಗೇ ಇದೆ" ಎಂದು ಒಳಗೆ ಹೋದವರು ಹರಿದ ಕೊಡೆಯೊಂದರ ಕಪ್ಪು ಬಟ್ಟೆ ತಂದರು. ಚೌಕವಾಗಿ ಒಂದು ತುಂಡು ಕತ್ತರಿಸಿ, ಸಂದಿಯ ಮೇಲಿಟ್ಟು, ದಪ್ಪ ದಾರದಲ್ಲಿ ನಾಲ್ಕೂ ಕಡೆ ಹೊಲಿದರು. ಹಳದಿ ಅಂಚಿನ ಮೇಲೆ ಕಾಗೆ ಕೂತಂತೆ ಕಾಣುತ್ತಿತ್ತು.

ಮರುದಿನ ಬಂದವರಲ್ಲಿ ಹೆಡ್ ರೈಟರ ಹೆಂಡತಿ ಪಾರ್ವತಕ್ಕ ಮುಖ್ಯರು. ಯಾರ ಮನೆಗೆ ಹೋದರೂ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡುವವರು. ಅವರ ಬೆರಳು ಒಂದೊಂದೇ ಮೂಲೆ ದಾಟಿ ಬರುವಾಗ ನಾನು ಎರಡು ಸಲ ಅಡುಗೆಮನೆಗೆ ಹೋಗಿ ಬಂದೆ. ಬೆರಳು ಕಪ್ಪಿನ ಮೇಲೆ ನಿಂತಿತು.

"ಇದೇನ್ರೀ, ಹಳದಿಗೆ ಕಪ್ಪು?"

"ದೃಷ್ಟಿಬೊಟ್ಟು ಪಾರ್ವತಕ್ಕ" ಎಂದರು ಅತ್ತೆ, ಮಗುವಿನ ಕೆನ್ನೆಯ ಬೊಟ್ಟನ್ನು ಸರಿಮಾಡುತ್ತ. "ನಮ್ಮ ಸೊಸೆ ಕೆಲಸದ ಮೇಲೆ ಯಾರ ಕಣ್ಣಾದ್ರೂ ಬಿದ್ರೆ? ಕೂಸಿಗೆ ಇಟ್ಟಂಗೆ ಇದಕ್ಕೂ ಒಂದು ಇಟ್ಟೆ."

ಪಾರ್ವತಕ್ಕ ಕೆಂಡ ಮುಟ್ಟಿದವರಂತೆ ಬೆರಳು ತೆಗೆದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಮಗಳು ಸುಶೀಲನ ಹೆರಿಗೆಗೂ ಒಂದು ಹೊಲಿದುಕೊಡಮ್ಮ. ಆ ಕಪ್ಪು ಮರೀಬೇಡ" ಎಂದರು.

ಮರೆಯುವುದೆಲ್ಲಿಂದ ಬಂತು? ಆಮೇಲೆ ಎಷ್ಟೋ ಮಕ್ಕಳು ನನ್ನ ರಜಾಯಿಯಲ್ಲಿ ಮಲಗಿದವು, ನನ್ನವರ ಎಷ್ಟೋ ಕೊಡೆಗಳು ಹರಿಯುವ ಮೊದಲೇ ಹಳತಾಗಿ ನನ್ನ ಕತ್ತರಿಗೆ ಸಿಕ್ಕವು. ಅತ್ತೆ ಆ ಮುಕ್ಕಾಲು ಭಾಗದ ಮಾತನ್ನು ಕೊನೆಯವರೆಗೂ ಯಾರ ಮುಂದೆಯೂ ಎತ್ತಲಿಲ್ಲ, ನನ್ನ ಮುಂದೆಯೂ ಸಹ.

ಈಚೆಗೆ ಬಸುರಿ ಮೊಮ್ಮಗಳು ನನ್ನ ಪಕ್ಕ ಕೂತು ಗುಟ್ಟು ಹೇಳಿಕೊಟ್ಟಳು. ಶುರುವಿನಲ್ಲೇ ಪಟ್ಟಿಯ ಒಂದು ಗೇಣನ್ನು ಹೊಲಿಯದೆ ಬಿಡಬೇಕಂತೆ. ಕೊನೆಗೆ ಎರಡು ತುದಿಗಳನ್ನೂ ಬಿಡಿಸಿ, ಮುಖಕ್ಕೆ ಮುಖವಿಟ್ಟು ಹೊಲಿದು, ಆಮೇಲೆ ಅಂಚಿಗೆ ಕೂರಿಸಬೇಕಂತೆ. "ಅಷ್ಟೇ ಅಜ್ಜಿ." ಅಷ್ಟೇ! ಅವಳ ಕೂಸಿಗೆಂದು ಹೊಲಿಯುತ್ತಿದ್ದ ರಜಾಯಿಗೆ ಹಾಗೇ ಮಾಡಿದೆ. ಎದ್ದೇಳದೆ ಮಾಡಿದೆ. ಜೋಡಿಸಿದ ಜಾಗ ನನಗೇ ಸಿಗದಷ್ಟು ಚೆನ್ನಾಗಿ ಬಂತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಎಲ್ಲರೂ ಸುತ್ತ ತಿರುಗಿಸಿ ನೋಡಿದರು. ಕೊನೆಗೆ ಅದೇ ಮೊಮ್ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಸ್ವಲ್ಪ ಗಾಬರಿಯಿಂದಲೇ ಕೇಳಿದಳು: "ಅಜ್ಜಿ, ಕಪ್ಪು ಎಲ್ಲಿ?"

ಕೊಡೆ ಹುಡುಕಿ ತಂದೆ. ನನ್ನ ಆಯಸ್ಸಿನಲ್ಲಿ ಸರಿಯಾಗಿ ಸೇರಿದ ಒಂದೇ ಒಂದು ತುದಿ ಈಗ ಆ ತುಂಡಿನ ಕೆಳಗಿದೆ. ಬೇಕಾದರೆ ಬಿಚ್ಚಿ ನೋಡಿ ಎಂದರೆ ಯಾರೂ ಮುಂದೆ ಬರುವುದಿಲ್ಲ, ದೃಷ್ಟಿಯಾಗುತ್ತದಂತೆ.