ನಾಲ್ಕನೇ ಮಹಡಿಗೇರಿದ ಹಸಿರು ಮುಖದವಳು

ಮ್ಯೂಸಿಯಂ ಗುಣಮಟ್ಟದ ಚಿತ್ರಗಳನ್ನು ಮನೆಬಾಗಿಲಿಗೇ ತಲುಪಿಸುವುದಾಗಿ ಹೇಳಿಕೊಳ್ಳುವ ಕಂಪನಿಯ ಗ್ರಾಹಕ ಸೇವಾ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರಲ್ಲಿ ಮಾನ್ಯರೇ,

ಕೆಂಪಾಪುರದಿಂದ ಸಂಯುಕ್ತಾ ಮಾಡುವ ಅನಂತ ನಮಸ್ಕಾರಗಳು. ನೂರು ವರ್ಷದ ಹಿಂದೆ ಜರ್ಮನಿಯ ಚಿತ್ರಕಾರನೊಬ್ಬ ಬರೆದ, ಮುಖ ಹಸಿರಾಗಿ, ಹಣೆ ಹಳದಿಯಾಗಿ, ಕಣ್ಣು ಕೆಂಪಗೆ ಅಗಲಿಸಿಕೊಂಡ ಹೆಂಗಸಿನ ಚಿತ್ರದ ಪ್ರತಿಯನ್ನು ಚೌಕಟ್ಟು ಸಮೇತ ತಮ್ಮಿಂದ ಕೊಂಡವಳು ನಾನೇ. ಡ್ರಾಯಿಂಗ್ ಟೀಚರ್ ಕೆಲಸದ ಸಂಬಳದಲ್ಲಿ ಕೊಂಡೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ, ನನಗೇ ಬೇಕೆಂದು ಈ ಮನೆಗೆ ತರಿಸಿಕೊಂಡ ಮೊದಲ ವಸ್ತು ಅದು.

ಆರ್ಡರಿನಲ್ಲಿ ನನ್ನ ಹೆಸರಿತ್ತು, ಮನೆಯ ವಿಳಾಸವಿತ್ತು. ಆದರೂ ತಮ್ಮವರು ಫೋನ್ ಮಾಡಿ, “ಮನೇಲಿ ಗಂಡಸ್ರು ಯಾರಾದ್ರೂ ಇದಾರಾ ಮೇಡಂ? ಕಾಸ್ಟ್ಲಿ ಐಟಮ್ಮು” ಎಂದು ವಿಚಾರಿಸಿದ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ಗಂಡಸರು ಏರ್‌ಪೋರ್ಟ್ ರಸ್ತೆಯ ಸೈಟಿನಲ್ಲಿದ್ದಾರೆ ಎಂದು ಬಾಯ್ತಪ್ಪಿ ಅಂದೆ. ಅವರು ನೆಟ್ಟಗೆ ಅಲ್ಲಿಗೇ ಹೋಗಿ, ಅಪಾರ್ಟ್‌ಮೆಂಟ್ ಕಟ್ಟಿಸುತ್ತಿರುವ ನಮ್ಮ ಮಾವ ಮುನಿವೆಂಕಟಯ್ಯನವರ ಕೈಗೆ ಪೆಟ್ಟಿಗೆ ಒಪ್ಪಿಸಿ ಸಹಿ ಹಾಕಿಸಿಕೊಂಡರು.

ಕಟ್ಟಡಕ್ಕೆ ದೃಷ್ಟಿಬೊಂಬೆ ಕಟ್ಟುವುದೊಂದು ಬಾಕಿಯಿತ್ತು. ಮಾವ ಪೆಟ್ಟಿಗೆ ಬಿಚ್ಚಿಸಿ, “ನೋಡ್ರಪ್ಪ, ನಮ್ ಸೊಸೆ ಎಂಥಾ ಬೊಂಬೆ ತರ್ಸವ್ಳೆ!” ಎಂದು ಕಣ್ಣೊರೆಸಿಕೊಂಡು, ಮೇಸ್ತ್ರಿ ಶಿವಶರಣಪ್ಪನನ್ನು ನಾಲ್ಕನೇ ಮಹಡಿಗೆ ಹತ್ತಿಸಿ ಬೂದುಗುಂಬಳದ ಪಕ್ಕ ಕಟ್ಟಿಸಿಬಿಟ್ಟರು. ಗೃಹಪ್ರವೇಶದವರೆಗೆ ಇಳಿಸಕೂಡದಂತೆ, ಅದು ಬರುವ ವೈಶಾಖಕ್ಕೆ. ಮಾವ ನನ್ನನ್ನು ಹೊಗಳಿದ್ದು ಅದೇ ಮೊದಲಾದ್ದರಿಂದ, ಅದು ಬೊಂಬೆಯಲ್ಲ ಎನ್ನಲು ನನಗೆ ಬಾಯೇ ಬರಲಿಲ್ಲ.

ಇನ್ನೂರು ವರ್ಷ ಬಣ್ಣ ಮಾಸದೆಂಬ ತಮ್ಮ ಪ್ರಮಾಣಪತ್ರ ಈಗ ಬಿಸಿಲು, ಸಿಮೆಂಟ್ ಧೂಳು ಮತ್ತು ಕಾಗೆಗಳೆದುರು ಪರೀಕ್ಷೆಗೆ ಕೂತಿದೆ. ಏರ್‌ಪೋರ್ಟ್ ರಸ್ತೆಯ ಜನ ಟಿಕೆಟ್ಟಿಲ್ಲದೆ ಕಲೆ ನೋಡುತ್ತಿದ್ದಾರೆ, ಆಹಾ! ಬೇರೊಂದು ಪ್ರತಿ ಕೇಳಿದ್ದಕ್ಕೆ, ‘ಮನೆಯ ಯಜಮಾನರೇ ಪಡೆದಿದ್ದಾರೆ, ದೂರು ಮುಗಿದಿದೆ’ ಎಂದು ಎರಡೇ ನಿಮಿಷದಲ್ಲಿ ಉತ್ತರಿಸಿದ ತಮ್ಮ ಚುರುಕಿಗೆ ಕೈಮುಗಿಯುತ್ತೇನೆ. ಆದಕಾರಣ, ತಮ್ಮ ಕಲಾತಜ್ಞರೊಬ್ಬರನ್ನು ಕಳಿಸಿ, ಸಾರುವೆ ಹತ್ತಿಸಿ ಮೇಸ್ತ್ರಿಗೆ ಜರ್ಮನ್ ಕಲೆಯ ಪಾಠ ಹೇಳಿಸಬೇಕು. ಅದಾಗದಿದ್ದರೆ ವೈಶಾಖವನ್ನೇ ಈ ತಿಂಗಳಿಗೆ ತಂದುಕೊಡಬೇಕೆಂದು ಪ್ರಾರ್ಥನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಸಂಯುಕ್ತಾ

ತಾ.ಕ.: ಇಷ್ಟು ಬರೆದ ಮೇಲೆ ತಡೆಯಲಾಗಲಿಲ್ಲ. ಇದಕ್ಕಿಂತ ಜೋರಾದ ದೃಷ್ಟಿಬೊಂಬೆ ಸಿಕ್ಕಿದೆಯೆಂದು ಮಾವನವರನ್ನು ಒಪ್ಪಿಸಿ, ಸೈಟಿಗೆ ಹೋಗಿ ನನ್ನ ಚಿತ್ರವನ್ನು ನಾನೇ ಇಳಿಸಿಕೊಂಡು ಬಂದೆ. ಆ ಜಾಗದಲ್ಲೀಗ ವೆಬ್‌ಸೈಟಿನಲ್ಲಿದ್ದ ತಮ್ಮ ನಗುಮುಖದ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಟ್ಟಿಸಿದ್ದೇನೆ. ಮಾವ ಕೆಳಗೆ ನಿಂತು ಬಹಳ ಹೊತ್ತು ನೋಡಿ, “ಇದು ಅದ್ಕಿಂತ ಪವರ್‌ಫುಲ್ಲಾಗೈತೆ ಕಣಮ್ಮ” ಅಂದರು.